ಗಣಪತ್ ಗಲ್ಲಿಯಲ್ಲಿ ನಡೆಯುವವರ ಜಾಗ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

ಟಿಳಕವಾಡಿಯ ಅಮ್ಮಾವರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಹೇಳಿಬಿಡುತ್ತೇನೆ. ಶಾಲೆ ಶುರುವಾಗುವ ಮುಂಚಿನ ವಾರ ಮೊಮ್ಮಗನಿಗೆ ಯೂನಿಫಾರ್ಮ್ ತರಲು ಬೆಳಗಾವಿಯ ಗಣಪತ್ ಗಲ್ಲಿಗೆ ಹೋಗಿದ್ದಿರಿ. ಹಿಂದಿನಿಂದ ಬಂದ ಸ್ಕೂಟರ್‌ನ ಹ್ಯಾಂಡಲ್ ನಿಮ್ಮ ಕೈಚೀಲಕ್ಕೆ ಸಿಕ್ಕಿಕೊಂಡಿತು. ನೀವು ಬಿದ್ದಿರಿ, ಮಣಿಕಟ್ಟು ಉಳುಕಿತು. ಹುಡುಗ ಈಗ ಬಜಾರಕ್ಕೆ ಬರಲು ಒಲ್ಲೆ ಅನ್ನುತ್ತಿದ್ದಾನೆ. ನಿಮ್ಮ ಪ್ರಶ್ನೆ ಎರಡು. ಈ ಗಲ್ಲಿಗಳಲ್ಲಿ ಗಾಡಿ ಬಂದ್ ಮಾಡಬಾರದೇ? ಅದು ಆಗದಿದ್ದರೆ ಮೇಲೊಂದು ಸೇತುವೆ ಕಟ್ಟಿ ನಡೆಯುವವರಿಗೆ ಬೇರೆ ದಾರಿ ಕೊಡಬಾರದೇ?

ನೋಡಲು ಎರಡೂ ಒಂದೇ ಬೇಡಿಕೆಯ ಹಾಗಿವೆ. ಆದರೆ ಮೊದಲನೆಯದರಲ್ಲಿ ಜಾಗ ಬಿಟ್ಟುಕೊಡುವುದು ಗಾಡಿ. ಎರಡನೆಯದರಲ್ಲಿ ಬಿಟ್ಟುಕೊಡುವವರು ನೀವು. ಅದಕ್ಕೇ ಮೊದಲನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಎರಡನೆಯದಕ್ಕೆ ಇಲ್ಲ.

ಸೇತುವೆಯ ಲೆಕ್ಕ ಮೊದಲು ನೋಡೋಣ. ಕೆಳಗೆ ಲಾರಿ, ಬಸ್ಸು ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ಸೇತುವೆಯ ದಪ್ಪ ಸೇರಿದರೆ ಸುಮಾರು 6 ಮೀಟರ್. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂತ ಹಿಡಿದರೂ 40 ಮೆಟ್ಟಿಲು ಹತ್ತಬೇಕು, ಮತ್ತೆ 40 ಇಳಿಯಬೇಕು. 12 ಮೀಟರ್ ಅಗಲದ ರಸ್ತೆಯನ್ನು ಸುಮ್ನೆ ನಡೆದು ದಾಟಲು 10 ಸೆಕೆಂಡ್ ಸಾಕು. ನನ್ನ ತಾಯಿ ಒಮ್ಮೆ ಇಂಥ ಸೇತುವೆಯ ಬುಡದಲ್ಲಿ ನಿಂತು ಮೆಟ್ಟಿಲು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಗಾಡಿಗಳ ನಡುವೆಯೇ ನಡೆದುಬಿಟ್ಟರು. ಜನರಿಗೆ ಶಿಸ್ತಿಲ್ಲ ಅಂತ ಬೈಯುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ತಾಯಿಗೆ ಮೊಣಕಾಲು ನೋವಿತ್ತು, ಅಷ್ಟೇ. ಹೆದ್ದಾರಿಯ ಮಾತು ಬೇರೆ. ಅಲ್ಲಿ ಗಾಡಿಯ ವೇಗ ಇಳಿಸಲು ಆಗುವುದಿಲ್ಲ, ದಾರಿ ಬೇರೆ ಮಾಡಲೇಬೇಕು. ಅಲ್ಲಿಯೂ ಮೆಟ್ಟಿಲಿಗಿಂತ, ಮನುಷ್ಯರು ನೆಲದ ಮಟ್ಟದಲ್ಲೇ ನಡೆದುಹೋಗುವ ಅಂಡರ್‌ಪಾಸ್ ಒಳ್ಳೆಯದು.

ನಡೆಯುವವರಿಗೆ ಬೇರೆಯೇ ದಾರಿ ಎಂಬ ಯೋಚನೆ ಹಳೆಯದು. 1929ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬುವರು ರಾಡ್‌ಬರ್ನ್ ಎಂಬ ಬಡಾವಣೆಯ ನಕ್ಷೆ ಮಾಡಿದರು. ಕಾರು ಮನೆಯ ಒಂದು ಬದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಇನ್ನೊಂದು ಬದಿಗೆ ತೋಟ, ಕಾಲುದಾರಿ. ಮಕ್ಕಳು ರಸ್ತೆ ದಾಟದೆ ಶಾಲೆಗೆ ಹೋಗಬಹುದಿತ್ತು. ಅದೇ ವರ್ಷ ಷೇರುಪೇಟೆ ಕುಸಿದು, ಆಮೇಲಿನ ಹಣದ ಮುಗ್ಗಟ್ಟಿನಲ್ಲಿ ಬಡಾವಣೆ ಅರ್ಧಕ್ಕೇ ನಿಂತಿತು. ಕಟ್ಟಿದಷ್ಟು ಭಾಗವನ್ನು ಜನ ಇಷ್ಟಪಟ್ಟರು. ಆದರೆ ಇದೇ ನಕ್ಷೆಯನ್ನು ಬ್ರಿಟನ್, ಆಸ್ಟ್ರೇಲಿಯಾದ ಎಷ್ಟೋ ಕಡೆ ಬಳಸಿದಾಗ ಬೇರೆ ತೊಂದರೆ ಎದ್ದಿತು. ಹಿತ್ತಲ ಕಾಲುದಾರಿಗಳಲ್ಲಿ ಜನವೇ ಇರುತ್ತಿರಲಿಲ್ಲ. ಅಂಗಡಿ ಇಲ್ಲ, ಕಿಟಕಿಯಲ್ಲಿ ಕೂತು ನೋಡುವವರಿಲ್ಲ. ಕತ್ತಲಾದ ಮೇಲೆ ಅಲ್ಲಿ ಓಡಾಡಲು ಹೆಂಗಸರಿಗೆ ಭಯ. ಕೆಲವು ಕಡೆ ಆ ದಾರಿಗಳನ್ನು ಮುಚ್ಚಿಯೇಬಿಟ್ಟರು.

ನಮ್ಮ ಬಜಾರಕ್ಕೆ ಇದು ಬಹಳ ಮುಖ್ಯ. ಗಣಪತ್ ಗಲ್ಲಿಯಲ್ಲಿ ಸೊಪ್ಪು, ಹೂವು, ಹಣ್ಣು ಮಾರುವವರು ಇದ್ದಾರೆ. ಗದ್ದಲಕ್ಕೆಲ್ಲ ಅವರೇ ಕಾರಣ, ಅವರನ್ನು ಎಬ್ಬಿಸಿ ಎಂದು ಪ್ರತಿ ತಿಂಗಳೂ ಒಂದಾದರೂ ಪತ್ರ ಬರುತ್ತದೆ. ನಾನು ಒಪ್ಪುವುದಿಲ್ಲ. ರಾತ್ರಿ ಎಂಟೂವರೆಗೆ ನೀವು ಧೈರ್ಯವಾಗಿ ನಡೆಯುವುದು ಅವರ ಬುಟ್ಟಿಯ ಪಕ್ಕದ ಬಲ್ಬಿನ ಬೆಳಕಿನಲ್ಲಿ. ನೀವು ಬಿದ್ದಾಗ ಮೊದಲು ಓಡಿಬಂದು ನೀರು ಕೊಟ್ಟದ್ದು ಹೂವಿನವಳು ಅಂತ ನೀವೇ ಬರೆದಿದ್ದೀರಲ್ವಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೆ ಜಾಗ ಗೊತ್ತುಮಾಡುವ ಸಮಿತಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಗಲ್ಲಿಯ ಯೋಜನೆ ಏನೇ ಮಾಡಿದರೂ ಅವರನ್ನು ಕೂರಿಸಿಕೊಂಡೇ ಮಾಡಬೇಕು.

ಈಗ ಗಾಡಿ ಬಂದ್ ಮಾಡುವ ಮಾತು. 1962ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರ ತನ್ನ ದೊಡ್ಡ ಬಜಾರ ಬೀದಿ ಸ್ಟ್ರೊಯೆಟ್‌ಗೆ ಕಾರು ಬರದಂತೆ ಮಾಡಿತು. ಮೊದಲು ಪ್ರಯೋಗ, ಎರಡು ವರ್ಷದ ಮೇಲೆ ಕಾಯಂ. ಅಂಗಡಿಯವರು ಗಿರಾಕಿ ಹೋಗುತ್ತಾರೆಂದು ಹೆದರಿದ್ದರು. ಗಿರಾಕಿ ಹೋಗಲಿಲ್ಲ, ಬೀದಿ ಇನ್ನೂ ತುಂಬಿತು. ಅಷ್ಟು ದೂರ ಬೇಡ. ದೆಹಲಿಯ ಚಾಂದನಿ ಚೌಕ್‌ನಲ್ಲಿ ನಮ್ಮ ಬಜಾರಕ್ಕಿಂತ ಎಷ್ಟೋ ಜಾಸ್ತಿ ಜನಸಂದಣಿ. ಅಲ್ಲಿ ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿವರೆಗೆ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬರುವ ಹಾಗಿಲ್ಲ. ಹೊಸ ರೂಪದ ಆ ಬೀದಿ 2021ರಲ್ಲಿ ತೆರೆಯಿತು. ಸೈಕಲ್ ರಿಕ್ಷಾ ಇದೆ. ಸರಕಿನ ಗಾಡಿಗೆ ರಾತ್ರಿ ಹೊತ್ತು. ಕಳ್ಳತನದಲ್ಲಿ ನುಗ್ಗುವ ಸ್ಕೂಟರ್‌ಗಳ ದೂರು ಅಲ್ಲೂ ಇದೆ. ಸುಮ್ನೆ ಬೋರ್ಡ್ ಹಾಕಿದರೆ ಸಾಲದು, ಬೀದಿಯ ಬಾಯಲ್ಲಿ ಗಟ್ಟಿ ಕಂಬ ಹೂಳಬೇಕು, ಕಾಯಲು ಜನ ಬೇಕು.

ನಮಗೆ ಇದು ಹೊಸದೂ ಅಲ್ಲ. ಅನಂತ ಚತುರ್ದಶಿಯ ರಾತ್ರಿ ಗಣಪತಿಗಳು ಕಪಿಲೇಶ್ವರ ಹೊಂಡದ ಕಡೆ ಹೊರಟಾಗ ಮೆರವಣಿಗೆಯ ದಾರಿಯೆಲ್ಲ ಕಾಲುಗಳದ್ದೇ. ಮಕ್ಕಳು ಹೆಗಲ ಮೇಲಿಂದ ಇಳಿದು ಬೀದಿಯ ನಡುವೆ ಕುಣಿಯುತ್ತವೆ. ಆ ರಾತ್ರಿ ಯಾವ ಅಜ್ಜಿಯೂ ಹಿಂದೆ ತಿರುಗಿ ನೋಡುತ್ತ ನಡೆಯುವುದಿಲ್ಲ.

ಗಣಪತ್ ಗಲ್ಲಿ, ಮಾರುತಿ ಗಲ್ಲಿಗಳಲ್ಲಿ ಮೊದಲು ಭಾನುವಾರ ಸಂಜೆ ಮಾತ್ರ ಗಾಡಿ ಬಂದ್ ಶುರು ಮಾಡಲಿ ಎಂಬುದು ನನ್ನ ಆಸೆ. ಸರಕು ಬೆಳಿಗ್ಗೆ ಬೇಗ ಇಳಿಯಲಿ. ಹಮಾಲರ ಕೈಗಾಡಿಗೆ ಯಾವಾಗಲೂ ದಾರಿ ಇರಲಿ. ಗಾಡಿ ನಿಲ್ಲಿಸಲು ಬಜಾರದ ಅಂಚಿನಲ್ಲೇ ಜಾಗ ಬೇಕು. ನಡೆಯಲಾಗದವರಿಗೆ ಅಲ್ಲಿಂದ ಒಳಗೆ ನಿಧಾನದ ಒಂದೆರಡು ಇ-ರಿಕ್ಷಾ ಬೇಕು. ಇದಿಲ್ಲದೆ ಬಂದ್ ಮಾಡಿದರೆ ಮೊದಲು ಕಷ್ಟಪಡುವವರು ನಿಮ್ಮಂಥವರೇ. ಆಂಬುಲೆನ್ಸ್‌ಗೂ ಅಗ್ನಿಶಾಮಕ ಗಾಡಿಗೂ ಕಂಬ ತೆಗೆಯುವಂತಿರಬೇಕು.

ಎಲ್ಲ ರಸ್ತೆಗೂ ಇದು ಹೊಂದುವುದಿಲ್ಲ. ನಿಮ್ಮ ಟಿಳಕವಾಡಿಯ ಮನೆ ಮುಂದಿನ ರಸ್ತೆಯಲ್ಲಿ ಗಾಡಿ ಬೇಕು, ಆದರೆ ನಿಧಾನ ಬರಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 1976ರಿಂದ ಇದಕ್ಕೆ ಕಾನೂನೇ ಇದೆ. ವೂನರ್ಫ್ ಎನ್ನುವ ಆ ಮನೆಬೀದಿಗಳಲ್ಲಿ ಗಾಡಿ ತೀರಾ ನಿಧಾನವಾಗಿಯೇ ಹೋಗಬೇಕು, ಮಕ್ಕಳು ರಸ್ತೆಯಲ್ಲೇ ಆಡಬಹುದು. 60 ಕಿಲೋಮೀಟರ್ ವೇಗದ ಕಾರಿನ ಹೊಡೆತದ ಶಕ್ತಿ 30ರ ಕಾರಿಗಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇನ್ನು ದೊಡ್ಡ ರಸ್ತೆಗೆ ಬೇಕಾದ್ದು ಫುಟ್‌ಪಾತ್. ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಅಗಲ ಹೇಳಿದೆ. ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಬೇಕು. ಹೋದ ವಾರ ಕಚೇರಿಯ ಹತ್ತಿರ ಟೇಪು ಹಿಡಿದು ಅಳೆದೆ. ಲೈಟಿನ ಕಂಬದ ಪಕ್ಕ 60 ಸೆಂಟಿಮೀಟರ್ ಉಳಿದಿತ್ತು. ಅಲ್ಲಿ ಎಲ್ಲರೂ ರಸ್ತೆಗೇ ಇಳಿಯುತ್ತಾರೆ, ನಾನೂ ಇಳಿದೆ.

ಈ ಗಲ್ಲಿಗಳ ಅಂಗಡಿಯವರು ಮತ್ತು ಹಮಾಲರಲ್ಲಿ ಒಂದು ಕೋರಿಕೆ. ನಿಮ್ಮ ಸರಕು ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಗಾಡಿ ನಿಲ್ಲಬೇಕು, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಹಾಕುತ್ತೇವೆ.

ಅಮ್ಮಾ, ಕೈಯ ಬಾವು ಇಳಿಯಿತೇ? ಮೊಮ್ಮಗ ಬಜಾರಕ್ಕೆ ಬರಲು ಒಪ್ಪಿದ ದಿನ ನನಗೊಂದು ಕಾರ್ಡು ಬರೆಯಿರಿ.