ದೊಡ್ಡ ಕ್ರಾಸ್ ಸ್ಟಿಚ್ ಚಿತ್ರಕ್ಕೆ ಬಟ್ಟೆ ಮೇಲೆ ಗೆರೆ ಹಾಕಿಕೊಳ್ಳಲೇಬೇಕಾ? ಪೆನ್ನಲ್ಲೋ, ದಾರದಲ್ಲೋ?

ಹಾಕಿಕೊಳ್ಳಿ. ಐಡಾ ಬಟ್ಟೆಯಲ್ಲಿ (ಚೌಕ ಚೌಕವಾಗಿ ನೇಯ್ದ ಕಸೂತಿ ಬಟ್ಟೆ, ಒಂದು ಚೌಕಕ್ಕೆ ಒಂದು X ಹೊಲಿಗೆ) ಪ್ರತಿ 10 ಚೌಕಕ್ಕೊಂದು ಗೆರೆ, ಉದ್ದಕ್ಕೂ ಅಡ್ಡಕ್ಕೂ. ದೊಡ್ಡ ಕೆಲಸಕ್ಕೆ ನನ್ನ ಮತ ದಾರಕ್ಕೇ, ಅದರಲ್ಲೂ ಮೀನಿನ ಗಾಳಕ್ಕೆ ಕಟ್ಟುವಂಥ ಸಣ್ಣ ನೈಲಾನ್ ದಾರಕ್ಕೆ. ಕೆಂಪು ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಬಿಳಿ ಬಟ್ಟೆ ಮೇಲೆ ಎದ್ದು ಕಾಣುತ್ತದೆ.

ನೋಡಿಕೊಂಡು ಹೊಲಿಯುವ ಚೌಕುಳಿ ನಕ್ಷೆ, ಅಂದರೆ ಚಾರ್ಟಿನಲ್ಲೂ ಸಾಮಾನ್ಯವಾಗಿ 10 ಚೌಕಕ್ಕೊಂದು ದಪ್ಪ ಗೆರೆ ಇರುತ್ತದೆ ಅಲ್ವಾ? ಬಟ್ಟೆಯ ಗೆರೆ ಅದಕ್ಕೆ ಸರಿಯಾಗಿ ಕೂತರೆ 10ಕ್ಕಿಂತ ಜಾಸ್ತಿ ಎಣಿಸುವ ಪ್ರಸಂಗವೇ ಬರುವುದಿಲ್ಲ. ಎಲ್ಲೋ ಒಂದು ಚೌಕ ತಪ್ಪಿದರೂ ಮುಂದಿನ ಗೆರೆ ಹತ್ತಿರ ಸಿಕ್ಕಿಬೀಳುತ್ತದೆ. ಗೆರೆ ಇಲ್ಲದಿದ್ದರೆ ಅದೇ ತಪ್ಪು ಸದ್ದಿಲ್ಲದೆ ಮುಂದೆ ಸಾಗುತ್ತದೆ. ಕೊನೆಗೆ ಎಡದಿಂದ ಬಂದ ಅರ್ಧ ಹೂವು ಬಲದಿಂದ ಬಂದ ಅರ್ಧಕ್ಕೆ ಕೂಡುವುದೇ ಇಲ್ಲ. 200 ಚೌಕ ಉದ್ದ, 200 ಅಗಲ ಅಂದರೆ 40,000 ಹೊಲಿಗೆ. ಬಿಚ್ಚುವ ಪಾಡು ಯಾರಿಗೆ ಬೇಕು!

ಮಾಮೂಲಿ ಹತ್ತಿ ದಾರ ಬೇಡ. ಸೂಜಿ ಅದನ್ನೇ ಚುಚ್ಚಿಬಿಡುತ್ತದೆ, ಆಮೇಲೆ ಎಳೆದರೆ ಬರುವುದಿಲ್ಲ. ನೈಲಾನ್ ಒಂಟಿ ಎಳೆ, ನುಣುಪು. ಸೂಜಿ ಪಕ್ಕಕ್ಕೆ ಜಾರುತ್ತದೆ. ಕೆಲಸ ಮುಗಿದ ಮೇಲೆ ತುದಿ ಹಿಡಿದು ಎಳೆದರೆ ಸರಕ್ಕನೆ ಈಚೆ ಬರುತ್ತದೆ. ಮೊದಲ ಎರಡು ಗೆರೆ ಬಟ್ಟೆಯ ನಡುಮಧ್ಯದಲ್ಲಿ ಹಾಕಿ, ಅಲ್ಲಿಂದ ಆಚೀಚೆ ಎಣಿಸಿ.

ಪೆನ್ನೇ ಬೇಕೆಂದರೆ ನೀರಿಗೆ ಹೋಗುವಂಥದ್ದು ತಗೊಳ್ಳಿ, ಮೊದಲು ಬಟ್ಟೆಯ ಮೂಲೆಯಲ್ಲಿ ಗೀಚಿ, ತೊಳೆದು ನೋಡಿ. ಗೆರೆ ತಣ್ಣೀರಲ್ಲಿ ಪೂರ್ತಿ ಹೋದ ಮೇಲಷ್ಟೇ ಇಸ್ತ್ರಿ. ಬಿಸಿ ತಾಗಿದರೆ ಶಾಯಿ ಕಲೆಯಾಗಿ ಉಳಿದುಬಿಡಬಹುದು. ಶಾಖಕ್ಕೆ ಮಾಯವಾಗುವ ಪೆನ್ನನ್ನಂತೂ ನಾನು ನಂಬುವುದಿಲ್ಲ, ತೀರಾ ಚಳಿಯಲ್ಲಿ ಆ ಗೆರೆ ಮತ್ತೆ ಮೂಡುತ್ತದೆ.