ತಮ್ಮ ಹಿಮದಲ್ಲಿ ಜಾರ್ತಾ ಇದ್ದಾನೆ, ಬಡ್ಡಿ ನಾನು ಕಟ್ತಾ ಇದ್ದೇನೆ

ಪ್ರಶ್ನೆ: ನನಗೆ 29 ವರ್ಷ. ಮನೆ ಉಡುಪಿ ಹತ್ತಿರ, ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪನಿಗೆ ಈಗ ದುಡಿಯಲು ಆಗುವುದಿಲ್ಲ. ತಮ್ಮ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನ ಎಜುಕೇಷನ್ ಲೋನಿಗೆ ಕೋ-ಅಪ್ಲಿಕೆಂಟ್ ನಾನು, ತಿಂಗಳು ತಿಂಗಳು ಬಡ್ಡಿ ಕಟ್ಟುವವಳೂ ನಾನೇ. ಇದಕ್ಕೋಸ್ಕರ ಬೆಂಗಳೂರಿನಲ್ಲಿ ಸಿಕ್ಕಿದ್ದ ಎಂಬಿಎ ಸೀಟು ಬಿಟ್ಟೆ. ಮೊನ್ನೆ ಇನ್‌ಸ್ಟಾಗ್ರಾಮ್ ನೋಡಿದರೆ ಇವನು ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ನಗುತ್ತಾ ನಿಂತಿದ್ದಾನೆ. ಕಾಲೇಜಿನ ಸ್ಕೀ ಮತ್ತು ಸ್ನೋಬೋರ್ಡ್ ಕ್ಲಬ್ ಸೇರಿದ್ದಾನಂತೆ. ಕೇಳಿದ್ದಕ್ಕೆ “ಜಾಸ್ತಿ ಖರ್ಚಿಲ್ಲ ಅಕ್ಕ” ಅಂದ. ಆಮೇಲೆ ನಾನು ಮಾತಾಡಿಲ್ಲ. ಚಿಕ್ಕವನಿರುವಾಗ ಅಡಿಕೆ ಹಾಳೆಯಲ್ಲಿ ಕೂರಿಸಿ ಅಂಗಳವಿಡೀ ಎಳೆಯುತ್ತಿದ್ದವಳು ನಾನು. ಈಗಲೂ ಅವನು ಕೂತಿದ್ದಾನೆ, ನಾನು ಎಳೆಯುತ್ತಿದ್ದೇನೆ. ಕ್ಲಬ್ ಬಿಡು ಅಂತ ಹೇಳಲಾ? ಅಮ್ಮನಿಗೆ ಏನೂ ಗೊತ್ತಿಲ್ಲ. ತಿಳಿಸಲಾ?

– ಹೆಸರು ಬೇಡ, ಉಡುಪಿ

ಉತ್ತರ: ಬಿಡು ಅಂತ ಹೇಳಬೇಡಿ. ಲೆಕ್ಕ ಕೇಳಿ. ಸಿಟ್ಟಿನಲ್ಲಿರುವಾಗ ಇವೆರಡೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಆಗ ಎದುರಿನವನ ಕಿವಿಗೆ ಬೀಳುವುದು “ಬಿಡು” ಮಾತ್ರ.

ಆ ಫೋಟೋ ನಿಮಗೆ ಉರಿಸಿದ್ದು ಸಹಜ. ಉಡುಪಿಯಲ್ಲಿ ಕೂತು ನೋಡಿದರೆ ಸ್ನೋಬೋರ್ಡ್ ಅಂದರೆ ಸಿನಿಮಾದವರ ಹನಿಮೂನ್. ಆದರೆ ನಿಮ್ಮ ತಮ್ಮ ಇರುವ ಊರೇ ಬೇರೆ. 2002ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ, 2034ರದ್ದೂ ಅಲ್ಲಿಗೇ ಸಿಕ್ಕಿದೆ. ಊರಿನಿಂದ ಗಂಟೆಯೊಳಗೆ ಹೋಗಿ ಮುಟ್ಟುವಷ್ಟು ಹತ್ತಿರ ನಾಲ್ಕಾರು ಸ್ಕೀ ಬೆಟ್ಟಗಳಿವೆ. ಚಳಿಗಾಲದಲ್ಲಿ ಸರ್ಕಾರಿ ಬಸ್ಸೇ ಜನರನ್ನು ಹಲಗೆ ಸಮೇತ ಹತ್ತಿಸಿಕೊಂಡು ಹೋಗುತ್ತದೆ. ನಮ್ಮ ಹುಡುಗರು ಭಾನುವಾರ ಮಲ್ಪೆಗೆ ಹೋದ ಹಾಗೆ ಅಲ್ಲಿನವರು ಬೆಟ್ಟಕ್ಕೆ ಹೋಗುತ್ತಾರೆ. ಖರ್ಚು ಮಾತ್ರ ಮಲ್ಪೆಯದ್ದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ ಫೋಟೋದಲ್ಲಿ ಕಾಣುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಊರು ಇರುವುದು ಬೆಟ್ಟಗಳ ನಡುವಿನ ತಗ್ಗಿನಲ್ಲಿ. ಚಳಿಗಾಲದಲ್ಲಿ ಎಷ್ಟೋ ಸಲ ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಮೇಲೆ ಮುಚ್ಚಳ ಹಾಕಿದಂತೆ ನಿಂತು, ವಾಹನದ ಹೊಗೆಯೆಲ್ಲ ಊರಿನಲ್ಲೇ ದಿನಗಟ್ಟಲೆ ಉಳಿದುಬಿಡುತ್ತದೆ. ಬೆಟ್ಟ ಹತ್ತಿದರೆ ಮಾತ್ರ ನೀಲಿ ಆಕಾಶ. ವರ್ಷವಿಡೀ ಬೆವರುವ ಊರಿನಿಂದ ಹೋದ ಹುಡುಗನಿಗೆ ಮೊದಲ ಚಳಿಗಾಲ ಸುಲಭ ಅಲ್ಲ. ರೂಮು, ಲ್ಯಾಬು, ಮತ್ತೆ ರೂಮು ಅಂತ ಇದ್ದು ಮಂಕಾಗುವುದಕ್ಕಿಂತ ನಾಲ್ಕು ಜನರ ಜೊತೆ ಸೇರಿ ಬಿದ್ದು ಏಳುವುದು ವಾಸಿ. ಇದು ನನ್ನ ಅಭಿಪ್ರಾಯ, ನಿಮಗೆ ಈಗ ಹಿಡಿಸಲಿಕ್ಕಿಲ್ಲ.

ಈಗ ಖರ್ಚು. “ಜಾಸ್ತಿ ಖರ್ಚಿಲ್ಲ” ಅಂದದ್ದು ಅರ್ಧ ನಿಜ. ಇಂಥ ಕ್ಲಬ್ಬಿನ ಫೀ ಸಾಮಾನ್ಯವಾಗಿ ದೊಡ್ಡದಲ್ಲ. ಅದಕ್ಕೆ ಸಿಗುವುದೆಂದರೆ ಕಾರಿನಲ್ಲಿ ಒಂದು ಸೀಟು, ಸ್ವಲ್ಪ ಡಿಸ್ಕೌಂಟು, ಕಲಿಸಿಕೊಡಲು ಯಾರಾದರೂ ಒಬ್ಬರು. ನಿಜವಾಗಿ ದುಡ್ಡು ನುಂಗುವುದು ಬೆಟ್ಟ ಹತ್ತಿಸುವ ಲಿಫ್ಟು. ದೊಡ್ಡ ಬೆಟ್ಟಗಳಲ್ಲಿ ಸೀಸನ್ ಹೊತ್ತಿಗೆ ಕೌಂಟರಿನಲ್ಲಿ ಹೋಗಿ ಟಿಕೆಟ್ ಕೇಳಿದರೆ ಒಂದೇ ದಿನಕ್ಕೆ 200 ಡಾಲರ್ ದಾಟುವುದುಂಟು. ವಿದ್ಯಾರ್ಥಿಗಳಿಗೆ ಅಂತಲೇ ಇರುವ ಸೀಸನ್ ಪಾಸನ್ನು ಚಳಿ ಶುರುವಾಗುವ ಮೊದಲೇ ತೆಗೆದುಕೊಂಡರೆ ಬಹಳ ಉಳಿಯುತ್ತದೆ. ತಡ ಮಾಡಿದಷ್ಟೂ ರೇಟು ಏರುತ್ತದೆ. ಬೋರ್ಡು, ಬೂಟು, ಜಾಕೆಟ್ಟು ಹೊಸತೇ ಆಗಬೇಕೆಂದಿಲ್ಲ. ಹೊಸಬರು ಹೆಚ್ಚಾಗಿ ಬಾಡಿಗೆಗೆ ತರುತ್ತಾರೆ, ಇಲ್ಲಾ ಸೆಕೆಂಡ್ ಹ್ಯಾಂಡ್. ಫೋಟೋದ ಜಾಕೆಟ್ ನೋಡಿ ರಕ್ತ ಕುದಿಸಿಕೊಳ್ಳಬೇಡಿ, ಅದು ರೂಮ್‌ಮೇಟಿನದ್ದೂ ಇರಬಹುದು.

ಹಾಗಾಗಿ ಕೇಳಬೇಕಾದ್ದು ಕ್ಲಬ್ ಫೀ ಎಷ್ಟು ಅಂತಲ್ಲ. ಪಾಸು ಯಾವಾಗ ತೆಗೆದೆ, ಎಷ್ಟು ಕೊಟ್ಟೆ, ಆ ದುಡ್ಡು ಎಲ್ಲಿಂದ ಬಂತು? ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ದುಡಿಯಬಹುದು. ಲೈಬ್ರರಿಯಲ್ಲೋ ಮೆಸ್ಸಿನಲ್ಲೋ ದುಡಿದು ಉಳಿಸಿದ್ದಾದರೆ ಅದು ಅವನ ಬೆವರು, ನೀವು ಸುಮ್ನಿರಿ. ಲೋನಿನ ದುಡ್ಡಾದರೆ ಮಾತು ಬೇರೆ. ಅದಕ್ಕೆ ಬಡ್ಡಿ ಕಟ್ಟುವವರ ಹತ್ತಿರ ಮೊದಲೇ ಕೇಳಬೇಕಿತ್ತು, ಅಷ್ಟೇ. ಒಂದು ಎಚ್ಚರಿಕೆಯನ್ನೂ ಹೇಳಿ. ಬೆಟ್ಟದಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದರೆ ಪಾಸು ಫ್ರೀ ಅಂತ ಅಲ್ಲಿನ ಹುಡುಗರು ಆಸೆ ಹುಟ್ಟಿಸುತ್ತಾರೆ. ಅವರಿಗೆ ಅದು ಸರಿ. ಅನುಮತಿ ಇಲ್ಲದೆ ಕ್ಯಾಂಪಸ್ಸಿನ ಹೊರಗೆ ದುಡಿದರೆ ಇವನ ವೀಸಾಕ್ಕೇ ಕುತ್ತು.

ಕೈಕಾಲು ಮುರಿಯುವ ಭಯವನ್ನು ನೀವು ಬರೆದಿಲ್ಲ, ಆದರೆ ಅಮ್ಮನಿಗೆ ಗೊತ್ತಾದ ದಿನ ಮೊದಲು ಬರುವುದು ಅದೇ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ. ಬೀಳುವಾಗ ಎಲ್ಲರೂ ಕೈ ಊರುತ್ತಾರೆ. ಹಾಗಾಗಿ ಹೊಸಬರು ಹೆಚ್ಚಾಗಿ ಮುರಿದುಕೊಳ್ಳುವುದು ಮಣಿಕಟ್ಟು. ಕಾಲಿಗೊಂದು ಹಲಗೆ ಇರುವ ಸ್ಕೀಯಲ್ಲಿ ಪೆಟ್ಟು ಹೆಚ್ಚಾಗಿ ಮೊಣಕಾಲಿಗೆ. ಹೆಲ್ಮೆಟ್ ಮತ್ತು ಮಣಿಕಟ್ಟಿನ ಗಾರ್ಡ್ ಇಲ್ಲದೆ ಹತ್ತಬೇಡ ಅನ್ನಿ. ಮೊದಲು ಒಂದು ಕ್ಲಾಸಾದರೂ ದುಡ್ಡು ಕೊಟ್ಟೇ ಕಲಿಯಲಿ, ಫ್ರೆಂಡ್ಸ್ ಕಲಿಸುತ್ತೇವೆಂದು ನೇರ ಮೇಲಿನ ಇಳಿಜಾರಿಗೆ ಕರೆದೊಯ್ಯುವುದೇ ಹೆಚ್ಚು. ಅಲ್ಲಿ ಹಸಿರು ವೃತ್ತದ ಗುರುತು ಸುಲಭದ ದಾರಿ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟದ್ದು. ಈ ವರ್ಷ ಹಸಿರು ಸಾಕು. ಹಗ್ಗ ಕಟ್ಟಿದ ಗಡಿ ದಾಟಿ ಹೋಗುವುದಂತೂ ಬೇಡವೇ ಬೇಡ, ಅಲ್ಲಿ ಹಿಮಕುಸಿತದಲ್ಲಿ ಜನ ಸಾಯುತ್ತಾರೆ.

ಕಾಲೇಜಿನ ಇನ್ಶೂರೆನ್ಸ್ ಇದಕ್ಕೆ ಅನ್ವಯಿಸುತ್ತದಾ ಅಂತ ಅವನೇ ಕೂತು ಓದಲಿ. ಕೆಲವು ಪಾಲಿಸಿಗಳು ಕ್ಲಬ್ಬಿನ ಆಟದಲ್ಲಿ ಆದ ಪೆಟ್ಟನ್ನು ಹೊರಗಿಡುತ್ತವೆ. ಅಮೆರಿಕದಲ್ಲಿ ಆಂಬ್ಯುಲೆನ್ಸ್ ಹತ್ತಿ ಇಳಿದರೇ ಸಾವಿರ ಡಾಲರ್ ದಾಟಬಹುದು. ಆ ಬಿಲ್ಲು ಕೊನೆಗೆ ಬರುವುದು ಎಲ್ಲಿಗೆ ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎಂಬಿಎ ಸೀಟಿನ ಸಾಲು. ಅದು ತಮ್ಮನಿಗೆ ಗೊತ್ತುಂಟಾ? ಗೊತ್ತಿಲ್ಲ ಅಂತ ನನ್ನ ಊಹೆ. ಮನೆಯಲ್ಲಿ ಅಕ್ಕ ಯಾವುದನ್ನು ಬಿಟ್ಟಳು ಅಂತ ಯಾರೂ ತಮ್ಮಂದಿರಿಗೆ ಹೇಳುವುದಿಲ್ಲ, ಅಕ್ಕನೂ ಹೇಳುವುದಿಲ್ಲ. ಅವನು ನಗುತ್ತಾ ನಿಂತದ್ದಕ್ಕೆ ನಿಮಗೆ ಸಿಟ್ಟು ಬಂದದ್ದು ಅವನು ಮರೆತ ಅಂತ. ತಿಳಿಯದ್ದನ್ನು ಅವನು ಮರೆಯುವುದು ಹೇಗೆ? ಹೇಳಿಬಿಡಿ. ಹಂಗಿಸುವ ಸ್ವರದಲ್ಲಿ ಬೇಡ, ಇದ್ದದ್ದನ್ನು ಇದ್ದ ಹಾಗೆ.

ಬ್ಯಾಂಕಿನ ಮಾತೂ ಆಗಲಿ. ನಿಮ್ಮ ಆದಾಯ ತೆರಿಗೆಯಲ್ಲಿ ಈ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ. ಓದಿನ ಸಾಲದ ಬಡ್ಡಿಗೆ ವಿನಾಯಿತಿ ಇರುವುದು ಸ್ವಂತ, ಗಂಡ-ಹೆಂಡತಿ, ಮಕ್ಕಳ ಓದಿಗೆ, ಇಲ್ಲಾ ಕಾನೂನು ಪ್ರಕಾರ ನೀವೇ ಪೋಷಕರಾಗಿರುವ ವಿದ್ಯಾರ್ಥಿಯ ಓದಿಗೆ. ಒಡಹುಟ್ಟಿದವರನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕೋರ್ಸ್ ಮುಗಿದು ಆರು ತಿಂಗಳೋ ವರ್ಷವೋ ಆದ ಮೇಲೆ ಪೂರ್ತಿ ಇಎಂಐ ಶುರುವಾಗುತ್ತದೆ. ಅವನಿಗೆ ಕೆಲಸ ಸಿಗುವುದು ತಡವಾಗಿ ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ನಾಳೆ ನೀವು ಎಂಬಿಎಗೆ ಲೋನ್ ಕೇಳಿದರೆ ಈ ಸಾಲವನ್ನೂ ನಿಮ್ಮ ತಲೆ ಮೇಲೆ ಎಣಿಸುತ್ತಾರೆ. ಯಾವ ತಿಂಗಳಿಂದ ಬಡ್ಡಿ ಅವನದ್ದು, ಯಾವಾಗ ಇಎಂಐ ಅವನದ್ದು ಅಂತ ಈಗಲೇ ಮಾತಾಡಿ, ವಾಟ್ಸಾಪಿನಲ್ಲಿ ಬರೆದು ಇಟ್ಟುಕೊಳ್ಳಿ. ಪಾಸಿಗೆ ದುಡ್ಡು ಹೊಂದಿಸಿದವನಿಗೆ ತಿಂಗಳಿಗೆ 50 ಡಾಲರ್ ಬಡ್ಡಿಗೆ ಕಳಿಸುವುದು ಆಗದ ಕೆಲಸವೇನಲ್ಲ.

ಅಮ್ಮನಿಗೆ ನೀವು ಹೇಳಬೇಡಿ, ಅವನೇ ಹೇಳಲಿ. ನಿಮ್ಮ ಬಾಯಿಂದ ಬಂದರೆ ಅದು ಚಾಡಿಯಾಗುತ್ತದೆ. ಅವನ ಬಾಯಿಂದ ಬಂದರೆ ಅಮ್ಮ ಎರಡು ದಿನ ಬೈದು ಮೂರನೇ ದಿನ ಸ್ವೆಟರ್ ಕಳಿಸುವ ದಾರಿ ಹುಡುಕುತ್ತಾರೆ.

ಫೋನ್ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಡಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಅಂದರೆ ಅಲ್ಲಿ ಶನಿವಾರ ರಾತ್ರಿ ಎಂಟೂವರೆ. ಬೆಟ್ಟಕ್ಕೆ ಹೋಗಿದ್ದರೂ ರೂಮಿಗೆ ಬಂದಿರುತ್ತಾನೆ. ಅಮ್ಮ ಅಡುಗೆಮನೆಯಲ್ಲಿದ್ದರೆ ನೀವು ಅಂಗಳಕ್ಕೆ ಬನ್ನಿ. ಮೊದಲು ಎಷ್ಟು ಸಲ ಬಿದ್ದೆ ಅಂತ ಕೇಳಿ, ದುಡ್ಡಿನ ಪ್ರಶ್ನೆ ಎರಡನೆಯದು ಇರಲಿ.