ಎಲ್ಲರ ಉಸಿರೂ 18 ಆಗುವುದು ಹೇಗೆ?

ಸೇನಾ ವೈದ್ಯಕೀಯ ತರಬೇತಿಗೆ ಹೋಗಿರುವ ನಮ್ಮ ಕಡೆಯ ಹುಡುಗರು ಮತ್ತು ಅವರ ಮನೆಯವರು ಕೇಳಿದ ಪ್ರಶ್ನೆಗಳಿವು. ಉತ್ತರಿಸಿದವರು ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದವರು. ಈಗ ಮುಳಬಾಗಿಲಿನ ಹತ್ತಿರ ತೋಟ ಮಾಡಿಕೊಂಡಿದ್ದಾರೆ.

ಪ್ರಶ್ನೆ: ನಾನು ಶಿಡ್ಲಘಟ್ಟದವನು, ಮನೆಯಲ್ಲಿ ರೇಷ್ಮೆ ರೀಲಿಂಗ್ ಇದೆ. ಲಖನೌದ ಎಎಂಸಿ (ಸೇನಾ ವೈದ್ಯಕೀಯ ದಳ) ಸೆಂಟರ್‌ನಲ್ಲಿ ಟ್ರೇನಿಂಗ್ ನಡೆಯುತ್ತಿದೆ, ಈಗ ರಜೆಗೆ ಬಂದಿದ್ದೇನೆ. ಓದುವಾಗ ಎಲ್ಲಾ ಗೊತ್ತಿರುತ್ತೆ, ಪೇಷೆಂಟ್ ಮುಂದೆ ನಿಂತ ಕೂಡಲೇ ತಲೆ ಖಾಲಿ. ಮೊದಲು ಬಿಪಿ ನೋಡಬೇಕೋ, ನಾಡಿ ಹಿಡಿಯಬೇಕೋ? ವಾರ್ಡಿಗೆ ಒಂದು ಕ್ರಮ, ಫೀಲ್ಡಿಗೆ ಇನ್ನೊಂದು ಅಂತಾರೆ.

ಉತ್ತರ: ಎರಡೂ ಅಲ್ಲ ತಮ್ಮಾ. ಮೊದಲು ಸುಮ್ಮನೆ ನೋಡು, ಆಮೇಲೆ ಮಾತಾಡಿಸು. ಬಾಗಿಲಿಂದ ಮಂಚದವರೆಗೆ ನಡೆಯುವಷ್ಟರಲ್ಲಿ ಅರ್ಧ ಪರೀಕ್ಷೆ ಮುಗಿದಿರಬೇಕು. ಒರಗಿ ಮಲಗಿದ್ದಾನಾ, ಮುಂದಕ್ಕೆ ಬಾಗಿ ಕೂತಿದ್ದಾನಾ? ಮುಖ ಬಿಳಿಚಿದೆಯಾ, ಹಣೆ ಬೆವತಿದೆಯಾ? "ಏನಾಯ್ತಪ್ಪಾ?" ಅಂದರೆ ಒಂದೇ ಉಸಿರಿಗೆ ಪೂರ್ತಿ ಹೇಳ್ತಾನಾ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೀತಾನಾ? ಮಾತಿಗೆ ಉತ್ತರ ಬಂದರೆ ಶ್ವಾಸದ ದಾರಿ ತೆರೆದಿದೆ, ಮಿದುಳಿಗೆ ರಕ್ತ ಹೋಗುತ್ತಿದೆ ಅಂತ ಒಂದೇ ಏಟಿಗೆ ಗೊತ್ತಾಯಿತು. ಮಾತಿಗೆ ಕಣ್ಣು ಬಿಡದವನು ನೋವಿಗೆ ಬಿಡ್ತಾನಾ, ಅದಕ್ಕೂ ಇಲ್ಲವಾ, ಅದನ್ನು ಬರೆದಿಡು.

ಫೀಲ್ಡಿನಲ್ಲಿ ಕ್ರಮ ಬದಲಾಗುವುದು ಒಂದೇ ಕಾರಣಕ್ಕೆ, ರಕ್ತ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ನೀನು ಬಾಯಿ ತೆರೆಸಿ ಶ್ವಾಸನಾಳ ನೋಡುತ್ತಾ ಕೂತರೆ ಅಲ್ಲಿ ಮುಗಿದೇ ಹೋಗಿರುತ್ತದೆ. ಅದಕ್ಕೇ ಮೊದಲು ಚಿಮ್ಮುವ ರಕ್ತ ನಿಲ್ಲಿಸು. ಆಮೇಲೆ ಶ್ವಾಸದ ದಾರಿ, ಉಸಿರಾಟ, ರಕ್ತಚಲನೆ. ಕೊನೆಗೆ ತಲೆಯ ಪೆಟ್ಟು ಮತ್ತು ಮೈ ತಣ್ಣಗಾಗದಂತೆ ಹೊದಿಕೆ. ಟೂರ್ನಿಕೆಟ್, ಅಂದರೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಗಾಯಕ್ಕಿಂತ ಎರಡು-ಮೂರು ಅಂಗುಲ ಮೇಲೆ ಬರಲಿ, ಕೀಲಿನ ಮೇಲೆ ಬೇಡ. ರಕ್ತ ನಿಲ್ಲುವವರೆಗೂ ಬಿಗಿ ಮಾಡು. ಅವನು ಕಿರುಚಿಕೊಳ್ಳುತ್ತಾನೆ, ಕೈ ಸಡಿಲ ಬಿಡಬೇಡ. ಕಟ್ಟಿದ ಹೊತ್ತನ್ನು ಅದರ ಮೇಲೇ ಬರಿ. ಹೊತ್ತು ಬರೆಯದಿದ್ದರೆ ಮುಂದಿನ ಡಾಕ್ಟರ್ ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ.

ಇನ್ನು ನಾಡಿ. ಬೆಂದ ಗೂಡಿನಿಂದ ಎಳೆ ಎತ್ತುವಾಗ ನಿಮ್ಮನೆಯವರು ಬೆರಳು ಒತ್ತುವುದಿಲ್ಲ ಅಲ್ಲವಾ, ತಾಗಿಸುತ್ತಾರೆ ಅಷ್ಟೆ. ನಾಡಿಯೂ ಹಾಗೇ. ತೋರುಬೆರಳು, ನಡುಬೆರಳು ಮೆಲ್ಲಗೆ ಇಡು. ಜೋರಾಗಿ ಒತ್ತಿದರೆ ಕ್ಷೀಣವಾದ ನಾಡಿ ಮಾಯ. ಹೆಬ್ಬೆರಳು ಬೇಡ, ಅದರಲ್ಲಿ ನಿನ್ನ ನಾಡಿಯೇ ನಿನಗೆ ಸಿಗುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಸಹಜ. ಓಡಿ ಪಳಗಿದ ಜವಾನನಿಗೆ 50 ಇದ್ದರೂ ಬೆಚ್ಚಬೇಡ.

ಈಗ ಉಸಿರು. ಇದಕ್ಕೆ ನನ್ನ ತಪ್ಪನ್ನೇ ಹೇಳುತ್ತೇನೆ. ಟ್ರೇನಿಂಗ್ ಮುಗಿದ ಹೊಸದರಲ್ಲಿ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಡ್ಯೂಟಿ. ಟಿಪಿಆರ್ (ಜ್ವರ, ನಾಡಿ, ಉಸಿರು) ಚಾರ್ಟಿನಲ್ಲಿ ಜ್ವರ ನೋಡಿ ಬರೆದೆ, ನಾಡಿ ಹದಿನೈದು ಸೆಕೆಂಡು ಹಿಡಿದು ನಾಲ್ಕರಿಂದ ಗುಣಿಸಿದೆ. ಉಸಿರಿನ ಕಾಲಮ್ಮಿಗೆ ಸಾಲಾಗಿ 18, 18, 18. ನನ್ನ ಹಿಂದಿನವನೂ ಅದನ್ನೇ ಬರೆದಿದ್ದ. ಬೆಳಿಗ್ಗೆ ರೌಂಡ್ಸಿಗೆ ಬಂದ ಮೇಜರ್ ಸಾಹೇಬರು ಮೂರನೇ ಮಂಚದ ಹತ್ತಿರ ನಿಂತು, ಬಯ್ಯದೆ, ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಎಣಿಸು." ಎಣಿಸಿದೆ. 32. ಹುಡುಗನಿಗೆ ನ್ಯುಮೋನಿಯಾ. ಪುಣ್ಯಕ್ಕೆ ಉಳಿದ. ಆ ಗಡಿಯಾರದ ಸೆಕೆಂಡ್ ಮುಳ್ಳು ಇವತ್ತಿಗೂ ನನ್ನ ಕಣ್ಣ ಮುಂದೆ ಸುತ್ತುತ್ತದೆ.

ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20. ಪೂರ್ತಿ ಒಂದು ನಿಮಿಷ ಎಣಿಸು. "ನಿಮ್ಮ ಉಸಿರು ಎಣಿಸ್ತೀನಿ" ಅಂತ ಮಾತ್ರ ಹೇಳಬೇಡ, ಹೇಳಿದರೆ ಅವನು ಬೇಕೆಂದೇ ನಿಧಾನ ಮಾಡ್ತಾನೆ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡದೆ ಅವನ ಎದೆ ನೋಡುತ್ತಾ ಎಣಿಸು. ನಾಡಿಯನ್ನೇ ನೋಡ್ತಿದ್ದೀಯ ಅಂದುಕೊಳ್ಳಲಿ. ಈ ಸಣ್ಣ ಮೋಸಕ್ಕೆ ಪಾಪವಿಲ್ಲ.

ಬಿಪಿ ಕೊನೆಗೆ. ಅದನ್ನು ನಂಬಿ ಮೈಮರೆತವರೇ ಜಾಸ್ತಿ. ಗಟ್ಟಿಮುಟ್ಟಾದ ಹರೆಯದ ದೇಹ ರಕ್ತ ಕಳೆದುಕೊಂಡರೂ ನಾಳಗಳನ್ನು ಬಿಗಿಹಿಡಿದು ಬಿಪಿಯನ್ನು ಬೀಳಗೊಡುವುದಿಲ್ಲ. ಮೈಯಲ್ಲಿರುವ ಸುಮಾರು ಐದು ಲೀಟರಿನಲ್ಲಿ ಒಂದು ಲೀಟರ್ ಹೋದಾಗಲೂ ಯಂತ್ರ 120 ತೋರಿಸಬಹುದು. ಅಷ್ಟರಲ್ಲಿ ನಾಡಿ ಓಡುತ್ತಿರುತ್ತದೆ, ಅಂಗೈ ತಣ್ಣಗೆ ಒದ್ದೆಯಾಗಿರುತ್ತದೆ, ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಬಿಪಿ ಬೀಳುವ ಹೊತ್ತಿಗೆ ನೀನು ತಡ ಮಾಡಿದ್ದೀಯ ಅಂತಲೇ ಲೆಕ್ಕ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಶೇಕಡ ಎಷ್ಟಿದೆ ಅಂತ ನೋಡುವ ಆಕ್ಸಿಮೀಟರಿನ ಬಗ್ಗೆಯೂ ಒಂದು ಮಾತು. ಬೆರಳು ತಣ್ಣಗಿದ್ದರೆ ಅದು ಸುಳ್ಳು ಹೇಳುತ್ತದೆ. ಕೋಲಾರದಲ್ಲಿ ಕೂತವನಿಗೆ 90 ತೋರಿಸಿದರೆ ಓಡಬೇಕು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಹೊಸದಾಗಿ ಇಳಿದವನಿಗೆ 90ರ ಆಸುಪಾಸು ಇರುವುದು ಮಾಮೂಲು. ಅಲ್ಲಿ ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಒಣಕೆಮ್ಮು ಕಂಡರೆ ಅಂಕಿ ಎಷ್ಟಿದ್ದರೂ ಡಾಕ್ಟರಿಗೆ ತಿಳಿಸು, ಕೆಳಗಿಳಿಸುವ ಏರ್ಪಾಡಾಗಲಿ.

ಪ್ರಶ್ನೆ: ನನ್ನ ಮಗ ಮಿಲಿಟರಿ ಆಸ್ಪತ್ರೆಯಲ್ಲಿ ಟ್ರೇನಿಂಗಿನಲ್ಲಿದ್ದಾನೆ. ಪೇಷೆಂಟಿಗೆ ಚುಚ್ಚಿದ ಸೂಜಿ ನಿನ್ನೆ ಅವನ ಬೆರಳಿಗೆ ಚುಚ್ಚಿತಂತೆ. ಉಸ್ತಾದ್ (ತರಬೇತಿ ಕೊಡುವವರು) ಬಯ್ಯುತ್ತಾರೆ ಅಂತ ಯಾರಿಗೂ ಹೇಳಿಲ್ಲ. ನಮಗೆ ಗಾಬರಿಯಾಗಿದೆ. (ಗೌರಿಬಿದನೂರಿನ ತಾಯಿಯೊಬ್ಬರು)

ಉತ್ತರ: ಅಮ್ಮಾ, ನಿಮ್ಮ ಪತ್ರ ನೋಡಿದ ದಿನವೇ ಫೋನ್ ಮಾಡಿಸಿ ಹೇಳಿಸಿದ್ದೇನೆ. ಬೇರೆಯವರಿಗೂ ತಿಳಿಯಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸೂಜಿ ಚುಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿ ಚೀಪಬಾರದು, ಬ್ಲೀಚಿಂಗ್ ನೀರು ಸುರಿಯಬಾರದು. ಆಮೇಲೆ ಡಾಕ್ಟರಿಗೆ ಹೇಳಬೇಕು, ಆ ಗಂಟೆಯಲ್ಲೇ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ಡಾಕ್ಟರ್ ತೀರ್ಮಾನಿಸಿದರೆ ಎರಡು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು.

ಹೆದರಿಕೆ ಎಷ್ಟು ಇರಬೇಕೋ ಅಷ್ಟೇ ಇರಲಿ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸುಮಾರು ಸಾವಿರಕ್ಕೆ ಮೂರು ಸಲ. ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಅಂಟುತ್ತದೆ, ಆದರೆ ಅದಕ್ಕೆ ಲಸಿಕೆ ಇದೆ. ಮೂರು ಡೋಸೂ ಆಗಿದೆಯಾ ಅಂತ ಮಗನನ್ನು ಕೇಳಿ. ಬಹಳ ಹುಡುಗರು ಎರಡಕ್ಕೇ ನಿಲ್ಲಿಸಿರುತ್ತಾರೆ.

ಬೈಗುಳದ ವಿಷಯ: ಉಸ್ತಾದ್ ಬಯ್ದೇ ಬಯ್ಯುತ್ತಾರೆ, ನಾನೂ ಎಷ್ಟೋ ಜನರನ್ನು ಬಯ್ದಿದ್ದೇನೆ. ಹತ್ತು ನಿಮಿಷದ ಮಾತದು. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿಯೇ ಚುಚ್ಚಿಕೊಂಡಿರುತ್ತಾನೆ ಅಂತ ನನ್ನ ಊಹೆ; ಹೊಸಬರಲ್ಲಿ ಇದೇ ಹೆಚ್ಚು. ಬಳಸಿದ ಸೂಜಿಗೆ ಮುಚ್ಚಳ ಹಾಕಲೇಬಾರದು. ಸೂಜಿಗೆಂದೇ ಇಟ್ಟಿರುವ ಬಿಳಿ ಡಬ್ಬಕ್ಕೆ ನೇರವಾಗಿ ಹಾಕಬೇಕು.

ಪ್ರಶ್ನೆ: ಗ್ಲೌಸ್ ಹಾಕಿಕೊಂಡ ಮೇಲೂ ಕೈ ಯಾಕೆ ತೊಳೆಯಬೇಕು? ಸ್ಯಾನಿಟೈಸರ್ ಸಾಲದಾ? (ಮಧುಗಿರಿ)

ಉತ್ತರ: ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಬಿಚ್ಚುವಾಗ ಹೊರಗಿನ ಕೊಳೆ ಮಣಿಕಟ್ಟಿಗೆ ತಾಗುತ್ತದೆ. ಒಳಗಿನ ಬೆವರಿನಲ್ಲಿ ರೋಗಾಣುಗಳಿಗೆ ಹಬ್ಬ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಗ್ಲೌಸ್ ಹಾಕಿದವನಿಗೆ ತನ್ನ ಕೈ ಶುದ್ಧ ಎನ್ನುವ ಭ್ರಮೆ. ಡ್ರೆಸ್ಸಿಂಗ್ ಮಾಡಿದ ಗ್ಲೌಸಿನಲ್ಲೇ ಬಾಗಿಲ ಹಿಡಿ, ಚಾರ್ಟು, ಪೆನ್ನು, ಕಡೆಗೆ ಜೇಬಿನ ಮೊಬೈಲು. ಒಂದು ದಿನ ಹಾಗೆ ಓಡಾಡುತ್ತಿದ್ದ ಹುಡುಗನ ಗ್ಲೌಸಿಗೆ ಜೆಂಶಿಯನ್ ವಯೊಲೆಟ್ ಎನ್ನುವ ನೇರಳೆ ಔಷಧಿ ಬಳಿದು ಕೆಲಸಕ್ಕೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಡ್ರಿಪ್ ಸ್ಟ್ಯಾಂಡಿನಿಂದ ಹಿಡಿದು ಅವನ ಕಿವಿಯವರೆಗೂ ನೇರಳೆ. ಆಮೇಲೆ ಅವನಿಗೆ ಪಾಠ ಬೇಕಾಗಲಿಲ್ಲ.

ರೋಗಿಯನ್ನು ಮುಟ್ಟುವ ಮುಂಚೆ, ಡ್ರೆಸ್ಸಿಂಗ್, ಇಂಜೆಕ್ಷನ್ನಿನಂಥ ಶುದ್ಧ ಕೆಲಸಕ್ಕೆ ಮುಂಚೆ, ರಕ್ತ-ಮಲಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವನ ಮಂಚ-ಸಾಮಾನು ಮುಟ್ಟಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಹೊತ್ತುಗಳು ಇವೇ. ಕೈ ನೋಡಲು ಕೊಳೆಯಿಲ್ಲದಿದ್ದರೆ ಸ್ಯಾನಿಟೈಸರ್ ಸಾಕು, ಒಣಗುವವರೆಗೆ 20-30 ಸೆಕೆಂಡು ಉಜ್ಜು. ರಕ್ತ, ಮಣ್ಣು ಮೆತ್ತಿದ್ದರೆ ಅದು ಕೆಲಸ ಮಾಡುವುದಿಲ್ಲ. ಭೇದಿಯ ರೋಗಿಯನ್ನು ನೋಡಿದ ಮೇಲೂ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡು. ಹೆಬ್ಬೆರಳು ಮತ್ತು ಉಗುರಿನ ತುದಿ ಎಲ್ಲರೂ ಮರೆಯುವ ಜಾಗ. ಉಂಗುರ, ಕೈಗೆ ಕಟ್ಟಿದ ದಾರ ಡ್ಯೂಟಿಯಲ್ಲಿ ಬೇಡ. ದೇವರ ದಾರ ಅಂತ ವಾದ ಬರುತ್ತದೆ, ಗೊತ್ತು. ಪೆಟ್ಟಿಗೆಯಲ್ಲಿಡು, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನೆಲಕ್ಕೆ ರಕ್ತ ಚೆಲ್ಲಿದರೆ ಫಿನಾಯಿಲ್ ಹಾಕಿ ಒರೆಸಿದರೆ ಸಾಕೇ? (ಮಾಲೂರು)

ಉತ್ತರ: ಸಾಲದು. ಗ್ಲೌಸ್ ಹಾಕಿ, ರಕ್ತದ ಮೇಲೆ ಹಳೇ ಬಟ್ಟೆಯೋ ಹತ್ತಿಯೋ ಮುಚ್ಚಿ, ಶೇಕಡ 1ರ ಹೈಪೋಕ್ಲೋರೈಟ್ (ಬ್ಲೀಚಿಂಗ್) ದ್ರಾವಣ ಸುರಿದು ಕನಿಷ್ಠ ಹತ್ತು ನಿಮಿಷ ಬಿಡು. ಆಮೇಲೆ ಎತ್ತಿ, ರಕ್ತ ಮೆತ್ತಿದ ಕಸದ ಹಳದಿ ಚೀಲಕ್ಕೆ ಹಾಕಿ ನೆಲ ಒರೆಸು. ದ್ರಾವಣ ಅವತ್ತಿನದು ಅವತ್ತೇ ಮಾಡಿದ್ದಾಗಿರಲಿ. ನಿನ್ನೆಯ ಬಕೆಟ್ಟಿನಲ್ಲಿ ವಾಸನೆ ಉಳಿದಿರುತ್ತದೆ, ಕಸುವು ಇರುವುದಿಲ್ಲ.